ತುಂಬಿದ ಕೆರೆಯ ಕಲ್ಪನೆ ಮತ್ತು ಜೌಗುಪ್ರದೇಶಗಳ ಪುನಶ್ಚೇತನ: ಹವಾಮಾನ ಬದಲಾವಣೆಯ ಹಿನ್ನೆಲೆಯಲ್ಲಿ ಸಾರ್ವಜನಿಕ ಮನೋಭಾವದ ಒಂದು ವಿವೇಚನೆ

ಪೀಠಿಕೆ

ಕರ್ನಾಟಕದ ಬಯಲುಸೀಮೆಯಲ್ಲಿ ಊರಿನ ಕೆರೆ ಕೋಡಿ ಬಿದ್ದಿತೆಂದರೆ ಅದೊಂದು ಹಬ್ಬದ ಸುದ್ದಿ. ಊರಿನ ಹಿರಿಯರೂ ಜನಪ್ರತಿನಿಧಿಗಳೂ ಏರಿಯ ಮೇಲೆ ನೆರೆದು ಗಂಗೆಗೆ ಪೂಜೆ ಸಲ್ಲಿಸಿ ಬಾಗಿನ ಅರ್ಪಿಸುತ್ತಾರೆ. ಮಳೆ ಅನಿಶ್ಚಿತವಾದ ನಾಡಿನಲ್ಲಿ ತುಂಬಿದ ಕೆರೆಯೇ ಸಮೃದ್ಧಿಯ ಗುರುತಾಗಿ ಬೆಳೆದು ಬಂದಿರುವುದು ಸಹಜವೇ ಆಗಿದೆ. ಕಳೆದ ಎರಡು ಮೂರು ದಶಕಗಳಲ್ಲಿ ಸರ್ಕಾರ, ನಾಗರಿಕ ಸಂಘಟನೆಗಳು ಹಾಗೂ ಖಾಸಗಿ ದಾನಿಗಳು ಕೈಗೊಂಡ ಕೆರೆ ಪುನಶ್ಚೇತನ ಕಾರ್ಯಗಳ ಯಶಸ್ಸನ್ನು ಜನ ಅಳೆಯುತ್ತಿರುವುದೂ ಇದೇ ಗುರುತಿನಿಂದ: ಕೆರೆ ತುಂಬಿತೇ, ಇಲ್ಲವೇ?

ಆದರೆ ಜೀವಿಪರಿಸರ ವಿಜ್ಞಾನದ ದೃಷ್ಟಿಯಲ್ಲಿ ಜೌಗುಪ್ರದೇಶವೆಂಬುದು ಏರಿಳಿಯುವ ನೀರಿನ ನೆಲೆ. ಅದರ ಜೀವಂತಿಕೆ ಇರುವುದು ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಋತುಮಾನದ ಚಲನೆಯಲ್ಲಿ. ಇನ್ನೊಂದೆಡೆ, ಬದಲಾಗುತ್ತಿರುವ ಹವಾಮಾನವು ಕೆರೆಗಳ ಮೇಲೆ ಹಿಂದೆಂದೂ ಇಲ್ಲದ ಇಬ್ಬಗೆಯ ಬೇಡಿಕೆಯನ್ನು ಒಡ್ಡಿದೆ. ಬರದ ವರ್ಷಕ್ಕೆ ನೀರನ್ನು ಹಿಡಿದಿಡಬೇಕು. ಹಠಾತ್ ಮಳೆಯ ದಿನ ನೆರೆಯನ್ನು ತಾಳಿಕೊಳ್ಳಲು ಬರಿದಾದ ಅವಕಾಶವನ್ನೂ ಉಳಿಸಿಕೊಂಡಿರಬೇಕು. ಈ ಎರಡು ಬೇಡಿಕೆಗಳ ನಡುವೆ ‘ತುಂಬಿದ ಕೆರೆ’ಯ ಕಲ್ಪನೆ ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಕರ್ನಾಟಕದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಜನರಲ್ಲಿ ‘ಅರಿವಿನ ಕೊರತೆ’ ಇದೆ ಎಂಬ ವಾಡಿಕೆಯ ವಿವರಣೆ ಇಲ್ಲಿ ಸಾಲದು. ಮನೋಭಾವವು ಬಳಕೆಯಿಂದ, ಹಕ್ಕಿನಿಂದ ಮತ್ತು ಕರ್ತವ್ಯದಿಂದ ರೂಪುಗೊಳ್ಳುತ್ತದೆ. ಆದುದರಿಂದ ಅದರ ಬದಲಾವಣೆಯೂ ಅವುಗಳ ಮೂಲಕವೇ ಆಗಬೇಕಾಗುತ್ತದೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

ಪದಗಳಲ್ಲಿ ಅಡಗಿರುವ ಮನೋಭಾವ

1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ನಗರದಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಡಂಬಡಿಕೆಯು ಜೌಗುಪ್ರದೇಶಕ್ಕೆ ಬಹಳ ವಿಶಾಲವಾದ ವ್ಯಾಖ್ಯೆಯನ್ನು ನೀಡಿತು. ಸಹಜವಾಗಿರಲಿ ಕೃತಕವಾಗಿರಲಿ, ಶಾಶ್ವತವಾಗಿರಲಿ ತಾತ್ಕಾಲಿಕವಾಗಿರಲಿ, ನಿಂತ ನೀರಿರಲಿ ಹರಿಯುವ ನೀರಿರಲಿ, ಸಿಹಿ, ಸವುಳು ಅಥವಾ ಉಪ್ಪು ನೀರಿರಲಿ, ಇಳಿತದ ವೇಳೆ ಆರು ಮೀಟರಿಗೆ ಮೀರದ ಆಳದ ಕಡಲಂಚಿನವರೆಗೆ ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ಭಾರತವು 1982ರಲ್ಲಿ ಈ ಒಡಂಬಡಿಕೆಗೆ ಸೇರಿತು. ಈ ವ್ಯಾಖ್ಯೆಯಂತೆ ಬಯಲುಸೀಮೆಯ ಪ್ರತಿಯೊಂದು ಕೆರೆಯೂ, ಮಲೆನಾಡಿನ ಹೊಂಡವೂ, ಕರಾವಳಿಯ ಅಳಿವೆಯೂ ಜೌಗುಪ್ರದೇಶವೇ ಸರಿ.

ಆದರೆ ಕನ್ನಡದ ರೈತನಿಗೆ ‘ಜೌಗು’ ಎಂಬುದು ಒಂದು ದೋಷದ ಹೆಸರು. ‘ಜೌಗು ಹಿಡಿದ ಜಮೀನು’ ಎಂದರೆ ನೀರು ಬಸಿಯದೆ ಕೆಟ್ಟ ಜಮೀನು. ಅಧಿಕೃತ ಪರಿಭಾಷೆಯು ಆರಿಸಿಕೊಂಡ ಈ ಪದವು ಸಂರಕ್ಷಣೆಯ ಬೇಡಿಕೆಯನ್ನು ಹೊತ್ತು ಬಂದರೂ ಕೇಳುಗನ ಮನಸ್ಸಿನಲ್ಲಿ ಹುಟ್ಟಿಸುವ ಚಿತ್ರ ಬೇರೆಯದೇ. ಇದಕ್ಕೆ ಪ್ರತಿಯಾಗಿ ‘ಕೆರೆ’ ಎಂಬ ಪದಕ್ಕೆ ಗೌರವವಿದೆ. ಆದರೆ ಅದು ಕಟ್ಟಿಸಿದ ವಸ್ತು, ನೀರಾವರಿಯ ಸಾಧನ. ಕಂದಾಯ ದಾಖಲೆಗಳ ಭಾಷೆ ಇವೆರಡಕ್ಕಿಂತಲೂ ಕಟುವಾದುದು. ತರಿ, ಖುಷ್ಕಿ, ಬಾಗಾಯ್ತು ಎಂದು ಭೂಮಿಯನ್ನು ವಿಂಗಡಿಸಿದ ಆ ವ್ಯವಸ್ಥೆಯಲ್ಲಿ ಕೆರೆ, ಹಳ್ಳ, ಸ್ಮಶಾನ, ದಾರಿ ಇವೆಲ್ಲವೂ ‘ಬಿ ಖರಾಬು’ ಎಂಬ ತಲೆಬರಹದಡಿ ಸೇರುತ್ತವೆ. ಸಾರ್ವಜನಿಕ ಉಪಯೋಗಕ್ಕೆ ಮೀಸಲಾದುದು ಎಂಬುದೇ ಅದರ ಆಶಯವಾದರೂ, ‘ಖರಾಬು’ ಎಂಬ ಮಾತು ಕೆಟ್ಟದ್ದು, ಕೆಲಸಕ್ಕೆ ಬಾರದ್ದು ಎಂಬ ಧ್ವನಿಯನ್ನು ಬಿಟ್ಟಿಲ್ಲ. ತೆರಿಗೆ ತಾರದ ನೆಲ ಬೆಲೆಯಿಲ್ಲದ ನೆಲ ಎಂಬ ಭಾವನೆ ಒತ್ತುವರಿಗೆ ಎಷ್ಟರಮಟ್ಟಿಗೆ ದಾರಿ ಮಾಡಿಕೊಟ್ಟಿತೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಕಾನೂನಿನಲ್ಲಿಯೂ ಈ ದ್ವಂದ್ವ ಮುಂದುವರಿದಿದೆ. ಕೇಂದ್ರ ಸರ್ಕಾರ 2010ರಲ್ಲಿ ಹೊರಡಿಸಿದ ಜೌಗುಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳ ಸ್ಥಾನದಲ್ಲಿ ಬಂದ 2017ರ ನಿಯಮಗಳು, ಕುಡಿಯುವ ನೀರಿಗಾಗಿ ನಿರ್ಮಿಸಿದ ಕೆರೆಕಟ್ಟೆಗಳನ್ನೂ ನೀರಾವರಿ, ಮೀನು ಸಾಕಣೆ, ಉಪ್ಪಿನ ತಯಾರಿಕೆ ಮತ್ತು ವಿಹಾರಕ್ಕಾಗಿಯೇ ಕಟ್ಟಿದ ರಚನೆಗಳನ್ನೂ ವ್ಯಾಖ್ಯೆಯಿಂದ ಹೊರಗಿಟ್ಟವು. ಮನುಷ್ಯ ಕಟ್ಟಿದ್ದು ರಚನೆ, ತಾನಾಗಿ ಇರುವುದು ನಿಸರ್ಗ ಎಂಬ ಸಾಮಾನ್ಯ ತಿಳಿವಳಿಕೆಯ ಪ್ರತಿಬಿಂಬ ಇದು. ಸುಮಾರು 36,000 ಕೆರೆಗಳಿರುವ ಕರ್ನಾಟಕದಂತಹ ರಾಜ್ಯದಲ್ಲಿ ಈ ವಿಂಗಡಣೆ ಬಹಳ ದುರ್ಬಲವಾದುದು. ಏಕೆಂದರೆ ಇಲ್ಲಿ ಶತಮಾನಗಳ ಹಿಂದೆ ಕಟ್ಟಿದ್ದೇ ಇಂದಿನ ನಿಸರ್ಗವಾಗಿದೆ.

ಕರ್ತವ್ಯವಾಗಿದ್ದ ಕೆರೆ

ಕೆರೆ ಕಟ್ಟಿಸುವುದು ಪುಣ್ಯಕಾರ್ಯವೆಂದು ನಮ್ಮ ಶಾಸನಗಳು ಸಾರುತ್ತವೆ. ಆದರೆ ಪುಣ್ಯದ ಮಾತಿಗಿಂತ ಹೆಚ್ಚು ಗಮನಾರ್ಹವಾದುದು ಅವುಗಳಲ್ಲಿ ಕಾಣುವ ನಿರ್ವಹಣೆಯ ಏರ್ಪಾಡು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮೊದಲಾದ ಹೆಸರುಗಳಲ್ಲಿ ಕೆರೆಯನ್ನು ಕಟ್ಟಿಸಿದವರಿಗೆ ಅಥವಾ ನೋಡಿಕೊಳ್ಳುವವರಿಗೆ ಭೂಮಿಯನ್ನೋ ಉತ್ಪನ್ನದ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಹೂಳೆತ್ತುವುದು, ಏರಿಯನ್ನು ದುರಸ್ತಿಪಡಿಸುವುದು, ತೂಬನ್ನು ಕಾಯುವುದು ಇವು ದಾನದ ಷರತ್ತುಗಳೇ ಆಗಿದ್ದವು.

ವಿಜಯನಗರ ಕಾಲದ, ಈಗ ಆಂಧ್ರಪ್ರದೇಶದ ಕಡಪ ಜಿಲ್ಲೆಯಲ್ಲಿರುವ ಪೊರುಮಾಮಿಳ್ಳದ 1369ರ ಶಾಸನವು ಈ ದೃಷ್ಟಿಯಿಂದ ವಿಶೇಷವಾದುದು. ಅದು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ದಿಬ್ಬವಿರುವುದು ಇವು ಮೊದಲ ನಾಲ್ಕು. ಉಳಿದ ಎರಡು ದೋಷಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು: ನೀರು ಸ್ವಲ್ಪವಿದ್ದು ನೆಲ ವಿಸ್ತಾರವಾಗಿರುವುದು ಒಂದು, ನೆಲ ಸ್ವಲ್ಪವಿದ್ದು ನೀರು ಅತಿಯಾಗಿರುವುದು ಇನ್ನೊಂದು. ಅಂದರೆ ನೀರಿನ ಕೊರತೆಯಂತೆಯೇ ನೀರಿನ ಅತಿಯೂ ದೋಷವೆಂದು ಆರೂವರೆ ಶತಮಾನಗಳ ಹಿಂದಿನ ಆ ಶಾಸನಕಾರನು ಬಲ್ಲವನಾಗಿದ್ದನು. ‘ತುಂಬಿದಷ್ಟೂ ಒಳ್ಳೆಯದು’ ಎಂಬ ಇಂದಿನ ಸರಳ ಭಾವನೆಗಿಂತ ಇದು ಸೂಕ್ಷ್ಮವಾದ ತಿಳಿವಳಿಕೆ.

ಈ ತಿಳಿವಳಿಕೆಯನ್ನು ದಿನನಿತ್ಯ ಆಚರಣೆಗೆ ತರುತ್ತಿದ್ದವನು ನೀರುಗಂಟಿ. ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲಪಿತೇ, ಮಳೆ ಜೋರಾದರೆ ಏರಿ ತಾಳುವುದೇ ಎಂಬುದೆಲ್ಲ ಅವನ ಹೊಣೆ. ಅದಕ್ಕೆ ಪ್ರತಿಯಾಗಿ ಅವನಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು.

ಆದರೂ ಈ ಹಿಂದಿನ ವ್ಯವಸ್ಥೆಯನ್ನು ಆದರ್ಶವೆಂದು ಚಿತ್ರಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ನೀರುಗಂಟಿಗಳಲ್ಲಿ ಅನೇಕರು ದಲಿತ ಸಮುದಾಯದವರು. ನೀರನ್ನು ಹಂಚುವ ಹೊಣೆ ಹೊತ್ತವರಿಗೆ ಆ ನೀರಿನಿಂದ ಬೆಳೆಯುವ ಗದ್ದೆ ಇರುತ್ತಿದ್ದುದು ಅಪರೂಪ. ಕೆರೆ ನೀರಾವರಿಯ ತಂತ್ರಜ್ಞಾನವು ಜಾತಿ ಮತ್ತು ಅಧಿಕಾರದ ಸಂಬಂಧಗಳೊಡನೆ ಹೇಗೆ ಹೆಣೆದುಕೊಂಡಿತ್ತೆಂಬುದನ್ನು ಈಷಾ ಶಾ ಅವರು 2003ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಸೊಸೆಯೊಬ್ಬಳನ್ನು ಕೆರೆಗೆ ಬಲಿ ಕೊಡುವ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯೂ ಕೆರೆ ತುಂಬಬೇಕೆಂಬ ಬಯಕೆಗೆ ಯಾರು ಬೆಲೆ ತೆರುತ್ತಾರೆಂಬ ಪ್ರಶ್ನೆಯನ್ನು ಉಳಿಸುತ್ತದೆ. ಇಂದಿನ ಪುನಶ್ಚೇತನದ ಸಂದರ್ಭದಲ್ಲಿಯೂ ಈ ಪ್ರಶ್ನೆ ಹಳತಾಗಿಲ್ಲ.

ಕರ್ನಾಟಕ ಗ್ರಾಮ ಹುದ್ದೆಗಳ ರದ್ಧತಿ ಕಾಯಿದೆ 1961ರಲ್ಲಿ ಬಂದ ನಂತರ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಇದು ಅಗತ್ಯವಾದ ಕ್ರಮವೇ ಆಗಿತ್ತು. ಆದರೆ ತೂಬಿನ ಬಳಿ ನಿಲ್ಲುತ್ತಿದ್ದ ಮನುಷ್ಯನ ಜಾಗದಲ್ಲಿ ಇನ್ನೊಬ್ಬರು ಬರಲಿಲ್ಲ. ಅಚ್ಚುಕಟ್ಟಿನ ವಿಸ್ತೀರ್ಣಕ್ಕನುಗುಣವಾಗಿ ಕೆರೆಗಳು ಪಂಚಾಯಿತಿಗಳ ಹಾಗೂ ಸಣ್ಣ ನೀರಾವರಿ ಇಲಾಖೆಯ ನಡುವೆ ಹಂಚಿಹೋದವು. ಮುಂದೆ ಕೊಳವೆಬಾವಿಗಳು ಹರಡಿದಂತೆ ರೈತನ ನೀರು ಅವನ ಸ್ವಂತ ಹೊಲದ ಅಡಿಯಿಂದಲೇ ಬರತೊಡಗಿತು. ಕೆರೆಯ ಮೇಲಿನ ಅವಲಂಬನೆ ಕಡಿಮೆಯಾದೊಡನೆ ಅದರ ಮೇಲಿನ ಕರ್ತವ್ಯವೂ ಸಡಿಲವಾಯಿತು. ಪ್ರೀತಿ ಮಾತ್ರ ಉಳಿಯಿತು. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯಾಧಾರಿತ ಕೆರೆ ನಿರ್ವಹಣಾ ಯೋಜನೆಯು ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳನ್ನು ರಚಿಸಿ ಈ ಕರ್ತವ್ಯವನ್ನು ಮತ್ತೆ ಕಟ್ಟಲು ಯತ್ನಿಸಿತು. ಅಲ್ಲಿಯೂ ಎದುರಾದ ಮೂಲ ಪ್ರಶ್ನೆ ಒಂದೇ: ಅಚ್ಚುಕಟ್ಟಿನ ಗದ್ದೆಯಿಲ್ಲದವನು, ಅಂದರೆ ದನ ಮೇಯಿಸುವವನು, ಮೀನು ಹಿಡಿಯುವವನು, ಬಟ್ಟೆ ಒಗೆಯುವವನು ‘ಬಳಕೆದಾರ’ನೋ ಅಲ್ಲವೋ?

ಹವಾಮಾನದ ಇಬ್ಬಗೆಯ ಬೇಡಿಕೆ

ವಾತಾವರಣದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಇದರ ಪರಿಣಾಮವಾಗಿ ಮಳೆಯ ದಿನಗಳು ಹೆಚ್ಚದಿದ್ದರೂ ಸುರಿಯುವ ದಿನ ಸುರಿಯುವ ಮಳೆ ಬಿರುಸಾಗುತ್ತದೆ. ನಡುವಣ ಒಣ ಅವಧಿಯಲ್ಲಿ ಆವಿಯಾಗುವಿಕೆಯೂ ಹೆಚ್ಚುತ್ತದೆ. ಮಧ್ಯಭಾರತದಲ್ಲಿ 1950ರಿಂದ 2015ರವರೆಗಿನ ಅವಧಿಯಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಿದುದನ್ನು 2017ರಲ್ಲಿ ಪ್ರಕಟವಾದ ರಾಕ್ಸಿ ಮ್ಯಾಥ್ಯೂ ಕಾಲ್ ಮತ್ತು ಸಂಗಡಿಗರ ಸಂಶೋಧನೆ ತೋರಿಸಿದೆ.

ಕರ್ನಾಟಕವು ಮೂರೇ ವರ್ಷಗಳಲ್ಲಿ ಈ ಎರಡೂ ಅತಿಗಳನ್ನು ಕಂಡಿತು. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೊಯ್ಲಿಗೆ ಬಂದ ರಾಗಿಯ ಪೈರು ಮಳೆಯಿಂದ ನೆಲಕಚ್ಚಿತು. 2022ರ ಆಗಸ್ಟ್ ತಿಂಗಳಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಜಲಾವೃತವಾಯಿತು. ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಮುಳುಗಿದವು. ಮರುವರ್ಷವೇ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು.

ಇಂತಹ ಸ್ಥಿತಿಯಲ್ಲಿ ಕೆರೆಯೊಂದು ಮಾಡಬೇಕಾದ ಕೆಲಸವನ್ನು ಹೀಗೆ ವಿವರಿಸಬಹುದು. ಮಳೆಗಾಲದ ಆರಂಭದಲ್ಲಿ ಅದು ತಗ್ಗಿರಬೇಕು; ಹಾಗಿದ್ದರೆ ಮಾತ್ರ ಬಿರುಮಳೆಯ ನೀರು ಅದರಲ್ಲಿ ನಿಲ್ಲಬಲ್ಲದು. ಮೊದಲೇ ಕೋಡಿಯ ಮಟ್ಟಕ್ಕೆ ತುಂಬಿದ ಕೆರೆಗೆ ಬಿದ್ದ ನೀರು ಬಹುಮಟ್ಟಿಗೆ ಹಾಗೆಯೇ ಕೆಳಗಿನ ಕೆರೆಗೆ ಸಾಗುತ್ತದೆ. ಸರಣಿಯ ಕೆರೆಗಳೆಲ್ಲ ತುಂಬಿದ್ದರೆ ಕೊನೆಯ ತಗ್ಗಿನಲ್ಲಿರುವವರ ಮನೆ ಮುಳುಗುತ್ತದೆ. ಮಳೆಗಾಲದ ಕೊನೆಯಲ್ಲಿ ಅದು ತುಂಬಿರಬೇಕು. ಬೇಸಿಗೆಯಲ್ಲಿ ಮೆಲ್ಲನೆ ಇಳಿದು ಅಂತರ್ಜಲವನ್ನು ಪೋಷಿಸಬೇಕು. ನೀರು ಇಳಿದಂತೆ ತೆರೆದುಕೊಳ್ಳುವ ಕೆಸರಿನ ಅಂಚಿನಲ್ಲಿ ಗಾಳಿ ಸೋಕಿ ಮಣ್ಣು ಉಸಿರಾಡುತ್ತದೆ, ಹುಲ್ಲು ಚಿಗುರುತ್ತದೆ, ಉಲ್ಲಂಕಿಯಂತಹ ಕೆಸರುಹಕ್ಕಿಗಳು ಮೇವನ್ನು ಹುಡುಕುತ್ತವೆ. ರೈತರು ಗೋಡನ್ನು ಹೊಲಕ್ಕೆ ಹೊಡೆಯುವುದೂ ಆಗಲೇ. ಹೀಗೆ ಕೆರೆಯ ಬರಿದಾದ ತಿಂಗಳುಗಳೂ ಅದರ ದುಡಿಮೆಯ ತಿಂಗಳುಗಳೇ. ಇದಕ್ಕೆ ಮತ್ತೊಂದು ಮಾತನ್ನು ಸೇರಿಸಬೇಕು: ಕೊಳಚೆನೀರು ತುಂಬಿ ಆಮ್ಲಜನಕ ಕಳೆದುಕೊಂಡ ಕೆರೆಯು ಮೀಥೇನ್ ಅನಿಲವನ್ನು ಹೊರಸೂಸುತ್ತದೆ. ಎಂಥ ನೀರಿನಿಂದ ತುಂಬಿತೆಂಬುದನ್ನು ಕೇಳದೆ ತುಂಬಿದ್ದಕ್ಕೆ ಸಂತೋಷಪಡುವುದು ಹವಾಮಾನದ ದೃಷ್ಟಿಯಿಂದಲೂ ಸರಿಯಲ್ಲ.

ಬೆಂಗಳೂರು: ನೀರಿನಿಂದ ನೋಟಕ್ಕೆ

ಬೆಂಗಳೂರಿನ ಕೆರೆಗಳ ಬಗೆಗಿನ ಮನೋಭಾವವನ್ನು ಮೂರು ಘಟ್ಟಗಳಲ್ಲಿ ಗುರುತಿಸಬಹುದು. 1894ರಲ್ಲಿ ಹೆಸರಘಟ್ಟದಿಂದ ಕೊಳವೆಯ ಮೂಲಕ ನೀರು ಬರುವ ಮೊದಲು ನಗರಕ್ಕೆ ಕೆರೆ, ಕಲ್ಯಾಣಿ, ಬಾವಿಗಳೇ ಆಧಾರ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, ಆ ಬಳಿಕ ಕಾವೇರಿ ಬಂದಂತೆ ಕೆರೆಯ ನೀರು ಅನಗತ್ಯವಾಗಿ, ಕೆರೆಯ ನೆಲ ಅಗತ್ಯವಾಯಿತು. ಇದು ಎರಡನೆಯ ಘಟ್ಟ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಅಳಿದುಳಿದ ಕೆರೆಗಳ ರಕ್ಷಣೆಗೆ 1985ರಲ್ಲಿ ನೇಮಕವಾದ ಎನ್. ಲಕ್ಷ್ಮಣ ರಾವ್ ಸಮಿತಿಯು ಕೆರೆಗಳನ್ನು ಉಳಿಸಿಕೊಳ್ಳುವಂತೆ ಶಿಫಾರಸು ಮಾಡಿದ್ದು ಒಂದು ತಿರುವು. ಮೂರನೆಯ ಘಟ್ಟದಲ್ಲಿ ಕೆರೆಯು ವಾಯುವಿಹಾರದ ತಾಣವಾಗಿ, ಕಣ್ಣಿಗೆ ತಂಪಾದ ನೋಟವಾಗಿ ಮರಳಿ ಬೆಲೆ ಪಡೆಯಿತು.

ಈ ಮೂರನೆಯ ಘಟ್ಟದ ಉತ್ಸಾಹ ಅನೇಕ ಕೆರೆಗಳನ್ನು ಉಳಿಸಿದೆ ಎಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ನೋಟದ ಬಯಕೆ ಒಂದು ಬಗೆಯ ವಿನ್ಯಾಸವನ್ನೂ ತಂದಿತು. ಸುತ್ತಲೂ ವರ್ತುಲ ಏರಿ, ಅದರ ಮೇಲೆ ನಡಿಗೆಯ ಹಾದಿ, ತಂತಿಬೇಲಿ, ಒಳಗೆ ಒಂದೇ ಸಮನೆ ಅಗೆದ ಆಳ: ಹೀಗೆ ಕೆರೆಯು ಬೋಗುಣಿಯ ಆಕಾರ ತಳೆಯಿತು. ಒಂದು ಬದಿಗೆ ಏರಿ, ಉಳಿದ ಬದಿಗಳಲ್ಲಿ ಮೆಲ್ಲನೆ ಏರುವ ಅಂಗಳ ಎಂಬ ಹಳೆಯ ಕೆರೆಯ ರೂಪ ಮರೆಯಾದಾಗ ತೆಳುನೀರಿನ ಅಂಚೂ ಮರೆಯಾಯಿತು. ಜೊಂಡು, ಆಪುಗಳನ್ನು ‘ಕಳೆ’ ಎಂದು ಕಿತ್ತುಹಾಕಲಾಯಿತು. ಮೇವು ಕೊಯ್ಯುವವರು, ಮೀನುಗಾರರು, ಅಗಸರು ಬೇಲಿಯ ಹೊರಗುಳಿದರು. 2002ರಲ್ಲಿ ಸ್ಥಾಪಿತವಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ನೀಡಿದಾಗ ಈ ಪ್ರವೃತ್ತಿ ತುದಿ ಮುಟ್ಟಿತು. 2008ರಲ್ಲಿ ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಮತ್ತು ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ಕಾರ್ಯ ಕೆರೆಯು ಸಾರ್ವಜನಿಕರ ಸ್ವತ್ತೆಂಬ ತತ್ತ್ವವನ್ನು ಮತ್ತೆ ಮುನ್ನೆಲೆಗೆ ತಂದವು.

ಇದಕ್ಕೆ ಭಿನ್ನವಾದ ಎರಡು ನಿದರ್ಶನಗಳನ್ನು ಗಮನಿಸಬಹುದು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಪುನಶ್ಚೇತನವು 2009ರ ನಂತರ ನಿವಾಸಿಗಳು, ಸಂಶೋಧಕರು ಹಾಗೂ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಹಭಾಗಿತ್ವದಲ್ಲಿ ನಡೆಯಿತು. ಮೂರ್ತಿ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ನಿರ್ಮಿಸಿದ್ದು, ಮೇವು ಕೊಯ್ಯುವ ಹಳೆಯ ಬಳಕೆದಾರರನ್ನು ಹೊರಗಿಡದಿರಲು ಯತ್ನಿಸಿದ್ದು ಅಲ್ಲಿಯ ವಿಶೇಷ. ಹರಿಣಿ ನಾಗೇಂದ್ರ ಅವರ ಬರಹಗಳಲ್ಲಿ ಈ ಕೆರೆಯ ಅನುಭವ ದಾಖಲಾಗಿದೆ. ಸುಮಾರು 160 ಎಕರೆಯ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದಿಂದ ಹೊರಬಂದ ನೀರು ಕೃತಕವಾಗಿ ನಿರ್ಮಿಸಿದ ಜೌಗಿನ ಮೂಲಕ ಹಾದು, ಅಲ್ಲಿಯ ಸಸ್ಯಗಳು ಸಾರಜನಕ, ರಂಜಕಗಳನ್ನು ಹೀರಿಕೊಂಡ ಬಳಿಕ ಕೆರೆಗೆ ಸೇರುತ್ತದೆ. ಇಲ್ಲಿ ಜೊಂಡು ಕಳೆಯಲ್ಲ, ಕೆಲಸಗಾರ. ಆದರೆ ಅದನ್ನು ಕಾಲಕಾಲಕ್ಕೆ ಕೊಯ್ದು ಹೊರಸಾಗಿಸದಿದ್ದರೆ ಹೀರಿದ ಪೋಷಕಾಂಶ ಕೊಳೆತು ನೀರಿಗೇ ಮರಳುತ್ತದೆ. ಆದುದರಿಂದ ಇಂಥ ಕೆರೆಗೆ ಉದ್ಘಾಟನೆಗಿಂತ ನಿರಂತರವಾದ ಕೈಗೆಲಸ ಮುಖ್ಯ.

ಬೆಳ್ಳಂದೂರು ಕೆರೆಯ ಪಾಠ ಬೇರೆ ಬಗೆಯದು. 2015, 2017 ಮತ್ತು 2018ರಲ್ಲಿ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡ ಚಿತ್ರಗಳು ಜಗತ್ತಿನಾದ್ಯಂತ ಹರಡಿದವು. ಬೇಸಿಗೆಯಲ್ಲಿಯೂ ಬತ್ತದ, ಕೊಳಚೆಯಿಂದ ಸದಾ ತುಂಬಿದ ಕೆರೆ ಅದು. ತುಂಬಿರುವುದೇ ಆರೋಗ್ಯವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ.

ಕೋಲಾರ: ಸಂತೋಷ ಮತ್ತು ಸಂದೇಹ

ಬೆಂಗಳೂರಿನ ಅದೇ ಕಣಿವೆಯ ನೀರು ಸಂಸ್ಕರಣೆಗೊಂಡು ಕೋಲಾರ ಜಿಲ್ಲೆಗೆ ಹೋಗುತ್ತಿರುವುದು ನಮ್ಮ ವಿಷಯಕ್ಕೆ ಅತ್ಯಂತ ಮಹತ್ವದ ಪ್ರಯೋಗ. ಸದಾ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಕೆರೆಗಳು ವರ್ಷಗಟ್ಟಲೆ ಒಣಗಿ, ಅಂಗಳದಲ್ಲಿ ಜಾಲಿ ಬೆಳೆದು, ಅಂತರ್ಜಲ ಆಳಕ್ಕಿಳಿದು, ಫ್ಲೋರೈಡ್ ಬೆರೆತ ನೀರು ಜನರ ಪಾಲಿಗೆ ಬಂದಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ದಿನಕ್ಕೆ 44 ಕೋಟಿ ಲೀಟರ್ ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರನ್ನು ಹರಿಸುವ ಗುರಿಯೊಂದಿಗೆ 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಿತು. ಕೆರೆಯಿಂದ ನೇರವಾಗಿ ನೀರೆತ್ತದೆ ಅಂತರ್ಜಲವನ್ನು ಮರುಪೂರಣಗೊಳಿಸುವುದು ಯೋಜನೆಯ ಆಶಯ.

ನೀರು ಬಂದಾಗ ಜನ ಪೂಜೆ ಸಲ್ಲಿಸಿ ಸಂತೋಷಪಟ್ಟರು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡಾಗ ಭೀತಿ ಹರಡಿತು. ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಗಿ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಸಾಗಿತು. ಮೂರನೆಯ ಹಂತದ ಸಂಸ್ಕರಣೆಯಾಗಬೇಕೆಂಬುದು ರೈತ ಸಂಘಟನೆಗಳ ಬೇಡಿಕೆ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಬ್ಬನೇ ರೈತನಲ್ಲಿ ಕೊಳವೆಬಾವಿಗೆ ಮರಳಿ ನೀರು ಬಂದ ಸಮಾಧಾನವೂ ಆ ನೀರನ್ನು ಕುಡಿಯಲು ಅಂಜಿಕೆಯೂ ಜೊತೆಯಾಗಿರುವುದು ಸಾಧ್ಯ. ಇದನ್ನು ಜನರ ಗೊಂದಲವೆಂದು ತಳ್ಳಿಹಾಕುವುದು ಸರಿಯಲ್ಲ. ನೀರಿನ ಪ್ರಮಾಣ ಮತ್ತು ಗುಣವನ್ನು ಬೇರ್ಪಡಿಸಿ ನೋಡುವ ಈ ವಿವೇಕವು ಯೋಜನೆಯ ಅಂಕಿ ಅಂಶಗಳಲ್ಲಿ ಕಾಣುವುದಕ್ಕಿಂತ ಹೆಚ್ಚು ಪೂರ್ಣವಾದುದು.

ಇಲ್ಲಿ ಮತ್ತೊಂದು ಅಂಶವೂ ಇದೆ. ಹಿಂದೆ ಈ ಕೆರೆಗಳು ಮಳೆಯನ್ನು ಕಾದು ತುಂಬುತ್ತಿದ್ದವು. ಈಗ ಹರಿವು ವರ್ಷವಿಡೀ ಬರುವುದರಿಂದ ಸರಣಿಯ ಮೇಲಿನ ಕೆರೆಗಳು ಮಳೆಗಾಲಕ್ಕೆ ಮೊದಲೇ ತುಂಬಿರುತ್ತವೆ. ಬಿರುಮಳೆ ಬಂದರೆ ಅವುಗಳಲ್ಲಿ ಅವಕಾಶವಿರುವುದಿಲ್ಲ. ದಶಕಗಳ ಕಾಲ ಒಣಗಿದ್ದ ಕೆರೆಯನ್ನು ಕಂಡವರಿಗೆ ‘ಮಳೆಗೆ ಮುನ್ನ ಕೆರೆಯನ್ನು ತಗ್ಗಿಸಬೇಕು’ ಎಂಬ ಮಾತು ಒಪ್ಪಿಗೆಯಾಗುವುದು ಕಷ್ಟ. ಬರದ ನೆನಪು ಬಲವಾಗಿರುವಲ್ಲಿ ನೆರೆಯ ಎಚ್ಚರಿಕೆಗೆ ಕಿವಿ ಕಡಿಮೆ.

ಬಳಕೆಯಲ್ಲಿ ಉಳಿದ ಸಂರಕ್ಷಣೆ

ರಾಜ್ಯದ ಮೊದಲ ರಾಮ್ಸಾರ್ ತಾಣವಾಗಿ ರಂಗನತಿಟ್ಟು 2022ರಲ್ಲಿ ಘೋಷಿತವಾಯಿತು. 2024ರ ಜನವರಿಯಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಸೇರಿಕೊಂಡವು. ಇವುಗಳಲ್ಲಿ ಎರಡು ಮನುಷ್ಯ ಕಟ್ಟಿದ ಕೆರೆಗಳೇ ಎಂಬುದು ಗಮನಾರ್ಹ. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಕೆರೆಯ ಅಂಗಳದೊಳಗೆ ಬೆಳೆದ ಕರಿಜಾಲಿ ಮರಗಳ ಮೇಲೆ ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ‘ಕೆರೆ ಸ್ವಚ್ಛಗೊಳಿಸುವ’ ವಾಡಿಕೆಯ ಕ್ರಮ ಅನುಸರಿಸಿದ್ದರೆ ಆ ಮರಗಳು ಮೊದಲು ಹೋಗಬೇಕಾಗಿತ್ತು. ಗದಗ ಜಿಲ್ಲೆಯ ಸುಮಾರು 50 ಹೆಕ್ಟೇರ್ ವಿಸ್ತೀರ್ಣದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಅಲ್ಲಿಯ ರೈತನ ಸಹನೆಯೂ ಆ ತಾಣದ ಒಂದು ಅಂಗವೇ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟ. ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ, ಆಲದ ಜಾತಿಯ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹಕ್ಕಿಗಳು ಶುಭವೆಂಬ ನಂಬಿಕೆ ಇದ್ದಂತೆಯೇ ಅವುಗಳ ಹಿಕ್ಕೆ ಗೊಬ್ಬರವಾಗುವ ಪ್ರಯೋಜನವೂ ಇತ್ತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಹುಣಸೆ ಫಸಲು ಬಿಡುವ ಮರದ ಮಾಲೀಕರಿಗೆ ಪರಿಹಾರ ನೀಡುವ ಕ್ರಮವೂ ಬಂದಿತು. ಅಘನಾಶಿನಿಯಲ್ಲಿ ಮಹಿಳೆಯರು ಆಯುವ ಬೆಳಚು, ಗಜನಿ ಭೂಮಿಯ ಉಪ್ಪು ಸಹಿಸುವ ಕಗ್ಗ ಭತ್ತ, ಮೀನುಗಾರಿಕೆ ಇವು ಅಳಿವೆಯ ಉಬ್ಬರವಿಳಿತವನ್ನೇ ನಂಬಿವೆ. ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಕಗ್ಗದಂತಹ ತಳಿಗೆ ಹೊಸ ಮಹತ್ವವಿದೆ. ಈ ನಿದರ್ಶನಗಳಲ್ಲೆಲ್ಲ ಜನ ನೀರಿನ ಏರಿಳಿತವನ್ನು ಕೊರತೆಯೆಂದು ಕಾಣದಿರುವುದಕ್ಕೆ ಕಾರಣ ಅವರ ಬದುಕು ಆ ಏರಿಳಿತದೊಳಗೇ ಇರುವುದು.

ಮನೋಭಾವವನ್ನು ಅಳೆಯುವ ಬಗೆ

ಜೌಗುಪ್ರದೇಶಗಳ ಕುರಿತ ಜನಾಭಿಪ್ರಾಯವನ್ನು ಸಂಗ್ರಹಿಸುವ ಸಂಶೋಧಕರಿಗೆ ಮೇಲಿನ ವಿವೇಚನೆಯಿಂದ ಕೆಲವು ಸೂಚನೆಗಳು ದೊರೆಯುತ್ತವೆ. ಮೊದಲನೆಯದಾಗಿ, ‘ಕೆರೆ ಪುನಶ್ಚೇತನ ಬೇಕೇ?’ ಎಂಬ ಪ್ರಶ್ನೆಗೆ ‘ಬೇಡ’ ಎನ್ನುವವರು ವಿರಳ. ಆದುದರಿಂದ ಆ ಉತ್ತರದಿಂದ ತಿಳಿಯುವುದೂ ವಿರಳ. ಯಾವ ಕೆರೆ, ಯಾವ ರೂಪದಲ್ಲಿ, ಯಾರ ಬಳಕೆಗೆ, ಯಾವುದನ್ನು ಬಿಟ್ಟುಕೊಟ್ಟು ಎಂದು ಕೇಳಿದಾಗ ಮಾತ್ರ ನಿಜವಾದ ಭಿನ್ನಾಭಿಪ್ರಾಯಗಳು ಹೊರಬರುತ್ತವೆ. ಎರಡನೆಯದಾಗಿ, ಕೇಳುವ ಋತು ಮುಖ್ಯ. ಬರದ ಬೇಸಿಗೆಯಲ್ಲಿ ಬರುವ ಉತ್ತರವೂ ನೆರೆಯ ಮರುವಾರ ಬರುವ ಉತ್ತರವೂ ಒಂದೇ ಆಗಿರುವುದಿಲ್ಲ. ಮೂರನೆಯದಾಗಿ, ಹಣ ನೀಡುವ ಸಿದ್ಧತೆಯನ್ನು ಮಾತ್ರ ಅಳೆದರೆ ದುಡಿಮೆ ನೀಡುವವರ, ಸಹನೆ ತೋರುವವರ ಪಾಲು ಲೆಕ್ಕದಿಂದ ಬಿಟ್ಟುಹೋಗುತ್ತದೆ. ನಾಲ್ಕನೆಯದಾಗಿ, ಸಾಗರ ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ತೋರಿಸಿಕೊಟ್ಟಂತೆ ಪ್ರತಿಯೊಂದು ತಲೆಮಾರೂ ತಾನು ಬಾಲ್ಯದಲ್ಲಿ ಕಂಡದ್ದನ್ನೇ ಸಹಜ ಸ್ಥಿತಿಯೆಂದು ಭಾವಿಸುತ್ತದೆ. ವರ್ತುಲ ಏರಿಯ ಬೋಗುಣಿ ಕೆರೆಯನ್ನೇ ನೋಡಿ ಬೆಳೆದ ನಗರದ ಮಗುವಿಗೆ ಕೆಸರಿನ ಅಂಚು ಹೊಲಸಾಗಿಯೇ ಕಾಣುತ್ತದೆ. ಹಿರಿಯರ ನೆನಪುಗಳನ್ನು ದಾಖಲಿಸುವುದು ಈ ಕಾರಣಕ್ಕಾಗಿ ಸಂಶೋಧನೆಯ ತುರ್ತು ಕೆಲಸ.

ಉಪಸಂಹಾರ

ಸಾಮೂಹಿಕ ಸಂಪನ್ಮೂಲಗಳು ಯಾರದೂ ಅಲ್ಲದ್ದರಿಂದ ಹಾಳಾಗುವುದು ಅನಿವಾರ್ಯವೆಂಬ ವಾದವನ್ನು ಎಲಿನಾರ್ ಆಸ್ಟ್ರಂ 1990ರ ತಮ್ಮ ಗ್ರಂಥದಲ್ಲಿ ನಿರಾಕರಿಸಿದರು. ಬಳಕೆದಾರರು ಯಾರೆಂಬುದು ಸ್ಪಷ್ಟವಿದ್ದು, ನಿಯಮಗಳನ್ನು ರೂಪಿಸುವಲ್ಲಿ ಅವರಿಗೆ ಪಾಲಿದ್ದು, ಮೇಲ್ವಿಚಾರಣೆ ಅವರ ನಡುವಿನಿಂದಲೇ ಬಂದರೆ ಅಂತಹ ಸಂಪನ್ಮೂಲಗಳು ಬಹುಕಾಲ ಬಾಳುತ್ತವೆ ಎಂಬುದು ಅವರ ನಿಲುವು. ಕರ್ನಾಟಕದ ಕೆರೆಗಳ ಅನುಭವ ಇದನ್ನು ಬಹುಮಟ್ಟಿಗೆ ಸಮರ್ಥಿಸುತ್ತದೆ. ಜೊತೆಗೆ ಬಳಕೆದಾರರ ನಡುವಿನ ಅಸಮಾನತೆಯನ್ನು ಮರೆಯಬಾರದೆಂದೂ ಎಚ್ಚರಿಸುತ್ತದೆ.

ಹವಾಮಾನ ಬದಲಾವಣೆಯ ಕಾಲದಲ್ಲಿ ಪುನಶ್ಚೇತನದ ಅಳತೆಗೋಲು ವರ್ಷದ ಒಂದು ದಿನದ ತುಂಬಿದ ನೋಟವಾಗದೆ, ಹನ್ನೆರಡು ತಿಂಗಳ ಏರಿಳಿತವಾಗಬೇಕಾಗಿದೆ. ಮಳೆಗೆ ಮುನ್ನ ಎಷ್ಟು ತಗ್ಗಿತು, ಮಳೆಯಲ್ಲಿ ಎಷ್ಟು ತಾಳಿತು, ಬೇಸಿಗೆಗೆ ಎಷ್ಟು ಉಳಿಯಿತು, ಅಂಚಿನಲ್ಲಿ ಏನು ಬೆಳೆಯಿತು, ಯಾರು ಅದನ್ನು ಬಳಸಿದರು ಎಂಬಿವು ಕೇಳಬೇಕಾದ ಪ್ರಶ್ನೆಗಳು. 2022ರ ನೆರೆಯ ನಂತರ ಬೆಂಗಳೂರಿನ ಕೆರೆಗಳಿಗೆ ಮತ್ತೆ ತೂಬಿನ ಬಾಗಿಲುಗಳನ್ನು ಅಳವಡಿಸುವ ಮಾತು ಕೇಳಿಬಂದಿತು. ಅಚ್ಚುಕಟ್ಟು ಬಡಾವಣೆಯಾದ ಮೇಲೆ ತೂಬು ಏಕೆ ಬೇಕೆಂದು ಮುಚ್ಚಿದ ನಗರವು ಅದರ ಅಗತ್ಯವನ್ನು ನೀರಿನಲ್ಲಿ ಮುಳುಗಿದ ಮೇಲೆ ಮನಗಂಡಿತು.

ಆದರೆ ಬಾಗಿಲು ಇದ್ದರೆ ಸಾಲದು; ಅದನ್ನು ಯಾವಾಗ ತೆರೆಯಬೇಕೆಂದು ಬಲ್ಲ, ತೆರೆಯುವ ಅಧಿಕಾರವುಳ್ಳ, ಆ ಕೆಲಸಕ್ಕೆ ನ್ಯಾಯವಾದ ಸಂಬಳ ಪಡೆಯುವ ಒಬ್ಬ ಮನುಷ್ಯ ಅಲ್ಲಿರಬೇಕು. ಜಾತಿಯ ಕಟ್ಟಿನಿಂದ ಬಿಡುಗಡೆಗೊಂಡ, ಊರಿಗೆ ಉತ್ತರದಾಯಿಯಾದ ಹೊಸ ನೀರುಗಂಟಿಯೊಬ್ಬನನ್ನು ಪ್ರತಿ ಕೆರೆಗೂ ಒದಗಿಸುವುದು ಇಂದಿನ ಹವಾಮಾನದಲ್ಲಿ ಹಳಮೆಯ ಹಂಬಲವಲ್ಲ, ಆಡಳಿತದ ಅಗತ್ಯ. ಅವನು ಮಳೆಗೆ ಮುನ್ನ ತೂಬನ್ನು ಎತ್ತಿದಾಗ ‘ನಮ್ಮ ಕೆರೆಯನ್ನು ಬರಿದು ಮಾಡಿದ’ ಎಂದು ಊರು ದೂರದೆ, ಏಕೆ ಎತ್ತಿದನೆಂದು ತಿಳಿದು ಸುಮ್ಮನಿದ್ದರೆ ಸಾರ್ವಜನಿಕ ಮನೋಭಾವ ಬದಲಾಯಿತೆಂದು ತಿಳಿಯಬಹುದು. ಅಲ್ಲಿಯವರೆಗೆ ಬಾಗಿನದ ಸಂಭ್ರಮ ಮುಂದುವರಿಯಲಿ. ಅದರ ಜೊತೆಗೆ ತೂಬಿನ ಕಾವಲೂ ಮರಳಿ ಬರಲಿ.